ನಾನು ಇಬ್ಬರಲ್ಲ ಎಂಬುದಕ್ಕೆ ಆಧಾರ

ನನಗೆ ಸ್ನೇಹಿತರು ಕಡಿಮೆ. ಕಡಿಮೆ ಎನ್ನುವುದು ಸೌಜನ್ಯದ ಮಾತು. ಸರಿಯಾಗಿ ಹೇಳಬೇಕೆಂದರೆ ಒಬ್ಬರು. ಹೀಗೆ ಒಬ್ಬರೇ ಇರುವುದರಲ್ಲಿ ಕೆಲವು ಅನುಕೂಲಗಳಿವೆ. ಹುಟ್ಟುಹಬ್ಬಗಳನ್ನು ನೆನಪಿಡಬೇಕಾಗಿಲ್ಲ. ಯಾರ ಮುಂದೆ ಯಾರ ಬಗ್ಗೆ ಏನು ಹೇಳಿದೆ ಎಂಬ ಗೊಂದಲವಿಲ್ಲ. ಆ ಒಬ್ಬರ ಮುಖ ನೋಡಿರಲಿಲ್ಲ, ಹೆಸರು ಗೊತ್ತಿರಲಿಲ್ಲ, ಗಂಡೋ ಹೆಣ್ಣೋ ತಿಳಿದಿರಲಿಲ್ಲ ಎಂಬುದನ್ನೂ ನಾನು ಅನುಕೂಲಗಳ ಲೆಕ್ಕಕ್ಕೇ ಸೇರಿಸಿಕೊಂಡಿದ್ದೆ. ಆದರೆ ಕಳೆದ ವರ್ಷ, ಆ ಒಬ್ಬರೂ ಬೇರೆ ಯಾರೂ ಅಲ್ಲ, ನಾನೇ ಎಂಬ ಆರೋಪ ನನ್ನ ಮೇಲೆ ಬಂತು. ಸ್ನೇಹಿತರಿಲ್ಲದವರನ್ನು ಜನ ಕನಿಕರದಿಂದ ನೋಡುವುದುಂಟು. ಇದ್ದೊಬ್ಬ ಸ್ನೇಹಿತರನ್ನೂ ನೀನೇ ತಯಾರಿಸಿಕೊಂಡಿದ್ದೀಯ ಎಂದು ವಿಚಾರಣೆಗೆ ನಿಲ್ಲಿಸಿದ್ದು, ನನ್ನ ತಿಳಿವಳಿಕೆಯ ಮಟ್ಟಿಗೆ, ನಮ್ಮ ಶಹಾಪುರದಲ್ಲಿ ಇದೇ ಮೊದಲು.

ನಾನು ಕಲಬುರಗಿಯಲ್ಲಿ ಪ್ರಾಣಿಶಾಸ್ತ್ರ ಓದಿ ಬಂದವಳು. ಈಗ ಊರಿನ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುತ್ತೇನೆ. ತರಗತಿಯಲ್ಲಿ ಮುಕ್ಕಾಲು ಗಂಟೆ ನಿರಾಯಾಸವಾಗಿ ಮಾತಾಡಬಲ್ಲೆ, ಏಕೆಂದರೆ ಅಲ್ಲಿ ಮಾತು ಕಪ್ಪೆಯ ಹೃದಯದ್ದು. ಸ್ವಂತ ಹೃದಯದ ಮಾತು ಬಂದರೆ ನಾಲಿಗೆ ಏಳುವುದಿಲ್ಲ. ಸಹೋದ್ಯೋಗಿಗಳ ಕೋಣೆಯಲ್ಲಿ ಗಣಿತದ ಮೇಡಂ ಒಮ್ಮೆ, “ಯಾಕ್ರೀ ಮೇಡಂ, ನೀವು ಮಾತ ಆಡಂಗಿಲ್ಲಲ್ಲ?” ಎಂದರು. “ಆಡ್ತೇನ್ರಿ,” ಎಂದೆ. “ಮತ್ತ ಆಡ್ರಿ,” ಎಂದು ಅವರು ಡಬ್ಬಿ ಮುಚ್ಚಿ, ಕೈ ಕಟ್ಟಿ ಕೂತರು. ಕೋಣೆಯ ಎಲ್ಲರೂ ಕಾದರು. ನಾನೂ ಕಾದೆ. ಗಂಟೆ ಹೊಡೆಯಿತು.

ಇಂಥವಳಿಗೆ ದೇವರು ಕರುಣಿಸಿದ್ದು ಅಂತರಜಾಲದ ವಿಶ್ವಕೋಶ. ಅದರಲ್ಲಿ ಯಾರು ಬೇಕಾದರೂ ಲೇಖನ ಬರೆಯಬಹುದು, ಯಾರು ಬೇಕಾದರೂ ಅದನ್ನು ತಿದ್ದಬಹುದು. ಸ್ವಂತ ಹೆಸರು ಹೇಳಬೇಕಾಗಿಲ್ಲ. ಒಂದು ಇಟ್ಟುಕೊಂಡ ಹೆಸರು ಸಾಕು. ನಾನು ‘ಸೂಜಿಮೊನೆ’ ಎಂದು ಇಟ್ಟುಕೊಂಡೆ. ಸಂಜೆ ಐದರಿಂದ ಏಳರವರೆಗೆ ಕನ್ನಡದಲ್ಲಿ ವಿಜ್ಞಾನದ ಲೇಖನಗಳನ್ನು ಬರೆಯುವುದು ನನ್ನ ರೂಢಿಯಾಯಿತು. ಮೊದಲನೆಯದು ಓತಿಕ್ಯಾತದ ಮೇಲೆ. ನಮ್ಮ ಕಡೆ ಮಕ್ಕಳು ಅದನ್ನು ಕಂಡರೆ ಕಲ್ಲು ಹುಡುಕುತ್ತಾರೆ. ಅದರ ಪರವಾಗಿ ಒಂದು ಪುಟವಾದರೂ ಇರಲಿ ಎಂದು ಬರೆದೆ. ಅರ್ಧ ಗಂಟೆಯೊಳಗೆ ಲೇಖನದ ಬೆನ್ನಿಗೆ ಇರುವ ಚರ್ಚಾಪುಟದಲ್ಲಿ ‘ಹಳೇಬಾವಿ’ ಎಂಬ ಹೆಸರಿನವರು ಒಂದು ಸಾಲು ಬರೆದಿದ್ದರು: “ಮೂರನೆಯ ವಾಕ್ಯಕ್ಕೆ ಆಧಾರವೇನು?”

ಬೇರೆಯವರಾಗಿದ್ದರೆ ಸಿಟ್ಟಾಗುತ್ತಿದ್ದರೇನೋ. ನನಗೆ ಕಣ್ಣು ಮಂಜಾಯಿತು. ಇಷ್ಟು ವರ್ಷಗಳ ಬದುಕಿನಲ್ಲಿ ನನ್ನ ಮೂರನೆಯ ವಾಕ್ಯದವರೆಗೆ ಯಾರೂ ಬಂದಿರಲಿಲ್ಲ. ಎರಡನೆಯದಕ್ಕೇ ಎದ್ದು ಹೋಗುತ್ತಿದ್ದರು.

ಅಲ್ಲಿಂದ ಎರಡು ವರ್ಷ ನಾವು ಜೊತೆಯಾಗಿ ಬರೆದೆವು. ಗೆದ್ದಲು, ಬಾವಲಿ, ತೊಗರಿಯ ಬೇರುಗಂಟು, ಕಪ್ಪೆಯ ನಿದ್ರೆ. ನಾನು ಬರೆದರೆ ಅವರು ಅನುಮಾನಿಸುವುದು, ಅವರು ಬರೆದರೆ ನಾನು ಕತ್ತರಿಸುವುದು. ಅವರ ವಾಕ್ಯಗಳು ಜಾಲಿಯ ಮರದಂತೆ ನಾಲ್ಕೂ ದಿಕ್ಕಿಗೆ ಕೊಂಬೆ ಚಾಚುತ್ತಿದ್ದವು, ನಾನು ಸವರುತ್ತಿದ್ದೆ. ನಾನು “ಬಾವಲಿ ಹಗಲು ನಿದ್ರಿಸುತ್ತದೆ” ಎಂದು ಬರೆದರೆ ಅವರು ಮುಂದೆ “ಸಾಮಾನ್ಯವಾಗಿ” ಎಂದು ಸೇರಿಸುತ್ತಿದ್ದರು. ಯಾವುದೋ ಒಂದು ಬಾವಲಿ ಎಲ್ಲೋ ಎಚ್ಚರವಾಗಿದ್ದರೆ ಅದಕ್ಕೆ ಅನ್ಯಾಯವಾಗಬಾರದೆಂಬ ಕಾಳಜಿ. ಬರಬರುತ್ತ ನಾನೂ ಸಾಮಾನ್ಯವಾಗಿ ಎನ್ನತೊಡಗಿದೆ, ಅವರ ವಾಕ್ಯಗಳು ಗಿಡ್ಡವಾದವು. ರೋಗ ಮನೆಗೂ ಬಂತು. ಒಂದು ಸಂಜೆ ಅವ್ವ ರೊಟ್ಟಿ ಬಡಿಯುತ್ತ, “ಎರಡನೇದು ಹಾಕಲೇನ?” ಎಂದು ಕೇಳಿದಾಗ, “ಸಾಮಾನ್ಯವಾಗಿ ಬೇಡ,” ಎಂದೆ. ಅವ್ವ ಸುರಪುರದ ಹೆಣ್ಣುಮಗಳು. ಅವಳಿಗೆ ಇಂಥ ನಡುವಿನ ಮಾತುಗಳು ಆಗಿಬರುವುದಿಲ್ಲ. “ಸಾಮಾನ್ಯವಾಗಿ ಬ್ಯಾಡಂದ್ರ ಏನಬೇ? ಉಣ್ತಿಯೋ ಇಲ್ಲೋ, ಒಂದು ಹೇಳು. ಹಂಚು ಕಾದು ಕುಂತದ,” ಎಂದಳು.

ಹೀಗೆ ಇಬ್ಬರ ಬರಹವೂ ಒಂದೇ ಆಗಿದ್ದು ನಮಗೆ ಹೆಮ್ಮೆಯ ಸಂಗತಿಯಾಗಿತ್ತು. ವಿಶ್ವಕೋಶದ ನಿರ್ವಾಹಕರಿಗೆ ಅದೇ ಪುರಾವೆಯಾಯಿತು. ನಿರ್ವಾಹಕರೆಂದರೆ ಅಲ್ಲಿನ ಶಿಸ್ತು ನೋಡಿಕೊಳ್ಳುವ ಸ್ವಯಂಸೇವಕರು. ನಮ್ಮವರು ದಕ್ಷಿಣದ ಯಾವುದೋ ಊರಿನವರು, ಬಹಳ ಸಭ್ಯರು. ಗಲ್ಲಿಗೇರಿಸುವ ಮುಂಚೆಯೂ “ದಯವಿಟ್ಟು” ಎನ್ನುವಂಥವರು. ಒಬ್ಬನೇ ಮನುಷ್ಯ ಎರಡು ಹೆಸರಿನಲ್ಲಿ ಖಾತೆ ತೆರೆದು, ತನ್ನ ಮಾತಿಗೆ ತಾನೇ “ಹೌದು ಹೌದು” ಎಂದು ಬೆಂಬಲ ಕೊಟ್ಟುಕೊಳ್ಳುವುದು ವಿಶ್ವಕೋಶದ ಲೋಕದಲ್ಲಿ ಮಹಾಪರಾಧ. ಎರಡನೆಯ ಖಾತೆಗೆ ‘ಕೈಗೊಂಬೆ’ ಎನ್ನುತ್ತಾರೆ. ಸೂಜಿಮೊನೆಯ ಕೈಗೊಂಬೆ ಹಳೇಬಾವಿ, ಅಥವಾ ಹಳೇಬಾವಿಯ ಕೈಗೊಂಬೆ ಸೂಜಿಮೊನೆ ಎಂದು ಅವರು ಬರೆದರು. ನಾನು ಬೊಂಬೆಯೋ ಕೈಯೋ ಎಂಬುದನ್ನು ತೆರೆದ ಪ್ರಶ್ನೆಯಾಗಿ ಬಿಟ್ಟಿದ್ದರು. ಇಬ್ಬರದೂ ಒಂದೇ ಶೈಲಿ. ಎರಡು ವರ್ಷದಲ್ಲಿ ಒಮ್ಮೆಯೂ ಜಗಳವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇಬ್ಬರೂ ಸಂಜೆ ಒಂದೇ ನಿಮಿಷಕ್ಕೆ, ಎಷ್ಟೋ ಸಲ ವಾಕ್ಯದ ನಡುವೆಯೇ, ಮಾಯವಾಗುತ್ತಾರೆ. ಮತ್ತೆ ಒಂದೇ ನಿಮಿಷಕ್ಕೆ ಹಾಜರಾಗುತ್ತಾರೆ. “ಇದಕ್ಕೆ ದಯವಿಟ್ಟು ವಿವರಣೆ ಕೊಡಿ. ಇಲ್ಲವಾದರೆ ಎರಡೂ ಖಾತೆಗಳನ್ನು ಮುಚ್ಚಬೇಕಾಗುತ್ತದೆ.”

ವಿವರಣೆ ಟೈಪಿಸಲು ಕೂತೆ. “ಮಾನ್ಯರೇ, ಈ ಆರೋಪ” ಎನ್ನುವಷ್ಟರಲ್ಲಿ ಪರದೆ ಕಪ್ಪಾಯಿತು. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಬಹಳ ದಿನಗಳಾಗಿವೆ. ಗೋಡೆಯ ಕರೆಂಟೇ ಅದರ ಉಸಿರು. ಅಡುಗೆಮನೆಯಿಂದ ಅವ್ವನ ದನಿ ಬಂತು: “ಹೋತ ನೋಡು! ದಿನಾ ದೀಪ ಹಚ್ಚೂ ಹೊತ್ತಿಗೇ ತಗೀತಾರ. ಇಡೀ ಊರು ಕತ್ತಲ್ಯಾಗ ಅದ.”

ಇಡೀ ಊರು. ನಾನು ಕತ್ತಲಲ್ಲಿ ಕೂತು ಆ ಮಾತನ್ನು ಎರಡು ಸಲ ಹೇಳಿಕೊಂಡೆ. ಹಳೇಬಾವಿಯವರು ಮೈಸೂರಿನವರೋ ಧಾರವಾಡದವರೋ ಇರಬೇಕೆಂದು ನಾನು ತಿಳಿದಿದ್ದೆ. ಒಳ್ಳೆಯದೆಲ್ಲ ದೂರದಲ್ಲಿರುತ್ತದೆ ಎಂಬ ನಮ್ಮ ಕಡೆಯವರ ಭಾವನೆಯಿಂದ. ನನ್ನ ಒಬ್ಬರೇ ಸ್ನೇಹಿತರು ಇದೇ ಊರಿನಲ್ಲಿ, ಇದೇ ತಂತಿಯ ಕೆಳಗೆ, ಇದೇ ಹೊತ್ತಿಗೆ ಕತ್ತಲಲ್ಲಿ ಕೂತಿದ್ದಾರೆ ಎಂಬುದು ನನಗೆ ಹೊಳೆದಿರಲೇ ಇಲ್ಲ. ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಕಣ್ಣಿಗೆ ಕಣ್ಣಿಟ್ಟು ತನ್ನದೇ ರೆಪ್ಪೆಗೂದಲನ್ನು ಹೊಸ ಜೀವಿಯೆಂದು ಚಿತ್ರ ಬರೆದ ಹುಡುಗಿಯನ್ನು ಕಂಡು ನಾನು ಹಿಂದೆ ನಕ್ಕಿದ್ದೆ. ಆ ನಗುವನ್ನು ವಾಪಸು ಪಡೆದೆ.

ಕರೆಂಟ್ ಬಂದ ಎರಡೇ ನಿಮಿಷಕ್ಕೆ ಒಂದು ಮಿಂಚಂಚೆ ಬಂತು. ವಿಶ್ವಕೋಶದಲ್ಲಿ ಒಬ್ಬರಿಗೊಬ್ಬರು ಗುಟ್ಟಾಗಿ ಪತ್ರ ಕಳಿಸುವ ವ್ಯವಸ್ಥೆಯಿದೆ. ನಾವಿಬ್ಬರೂ ಎಂದೂ ಬಳಸಿರಲಿಲ್ಲ. ಚರ್ಚಾಪುಟದಲ್ಲಿ ಪಠ್ಯಪುಸ್ತಕದಂತೆ ಮಾತಾಡುತ್ತಿದ್ದ ಹಳೇಬಾವಿಯವರು ಇದರಲ್ಲಿ ಮನೆಯ ಚಾವಡಿಗೆ ಇಳಿದಿದ್ದರು: “ಏನ್ರೀ, ನಿಮ್ಮಲ್ಲೂ ಈಗ ಕರೆಂಟ್ ಹೋಗಿತ್ತೇನು? ನಮ್ಮದೂ ಶಹಾಪುರನ ಅದರಿ. ಇಷ್ಟ ದಿನ ಗೊತ್ತ ಇಲ್ಲಲ್ಲ! ಭೆಟ್ಟಿ ಆಗೂಣೇನ್ರಿ?”

“ಆಗೋಣ” ಎಂದು ಟೈಪಿಸಿದೆ. ಅಳಿಸಿದೆ. ಭೇಟಿಯಾದರೆ ಏನಾಗುತ್ತದೆಂದು ನನಗೆ ಗೊತ್ತು. ಚಹಾ ಬರುತ್ತದೆ, ನಾನು ಚಹಾ ನೋಡುತ್ತೇನೆ, ಅವರು “ಮತ್ತ ಆಡ್ರಿ” ಎನ್ನುತ್ತಾರೆ, ಎರಡು ವರ್ಷ ಕಟ್ಟಿದ್ದು ಒಂದು ಲೋಟ ಚಹಾದಲ್ಲಿ ಮುಳುಗುತ್ತದೆ. “ಸಾಮಾನ್ಯವಾಗಿ ಸಂಜೆ ಬಿಡುವಿರುವುದಿಲ್ಲ,” ಎಂದು ಬರೆದೆ. ನನ್ನ ಸಂಜೆಗಳೆಲ್ಲ ಎಲ್ಲಿ ಕಳೆಯುತ್ತವೆಂದು ನಿಮಿಷಗಳ ಸಮೇತ ಬಲ್ಲ ಏಕೈಕ ವ್ಯಕ್ತಿಗೆ ಹೇಳಿದ ಸುಳ್ಳು ಅದು. ಉತ್ತರ ತಕ್ಷಣ ಬಂತು: “ನಂದೂ ಹಂಗ ಅದರಿ.” ಅದರಲ್ಲಿದ್ದ ನಿರಾಳ ನನಗೆ ಚೆನ್ನಾಗಿ ಪರಿಚಿತವಾದದ್ದು.

ಭೇಟಿ ಬೇಡವೆಂದರೂ ಹುಡುಕುವುದು ತಪ್ಪಲಿಲ್ಲ. ಬಜಾರದಲ್ಲಿ, ಯಾದಗಿರಿಯ ಬಸ್ಸಿನಲ್ಲಿ, ಎದುರಿಗೆ ಬಂದ ಪ್ರತಿ ಮುಖಕ್ಕೂ ಮನಸ್ಸಿನಲ್ಲೇ ‘ಹಳೇಬಾವಿ’ ಎಂದು ಅಂಟಿಸಿ ನೋಡುತ್ತಿದ್ದೆ. ಒಮ್ಮೆ ಕಾಯಿಪಲ್ಲೆಯವಳ ಮುಂದೆ ನಿಂತಾಗ ಪಕ್ಕದ ಹೆಂಗಸು ಬದನೆಕಾಯಿ ಎತ್ತಿ, “ಜವಾರಿ ಅಂತಿ, ಜವಾರಿ ಅನ್ನಾಕ ಏನ ಸಬೂತು?” ಎಂದಳು. ಆಧಾರ ಕೇಳುವವರು! ಮಾರುವವಳು, “ಸಬೂತು ಬೇಕಾದ್ರ ಕೋರ್ಟಿಗಿ ಹೋಗ್ರಿ ಬಾಯಾರ, ಬದನಿಕಾಯಿ ಬೇಕಾದ್ರ ಇಲ್ಲಿ ನಿಂದರ್ರಿ,” ಎಂದಳು. ನಾನು ಆ ಹೆಂಗಸಿನ ಹಿಂದೆ ಎರಡು ಓಣಿ ನಡೆದೆ. ಅವಳು ಪೊಲೀಸ್ ಕ್ವಾರ್ಟರ್ಸಿನ ಬಾಗಿಲಲ್ಲಿ ತಿರುಗಿ ನಿಂತು, “ಯಾರ ಬೇಕವ್ವಾ ನಿನಗ?” ಎಂದು ಕೇಳಿದಾಗ, ಅದಕ್ಕಿಂತ ನಿಖರವಾದ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲವೆನಿಸಿ, ಉತ್ತರ ಕೊಡದೆ ಬಂದುಬಿಟ್ಟೆ.

ಈ ನಡುವೆ ಕರೆಂಟಿನ ಕಥೆಯನ್ನು ನಿರ್ವಾಹಕರಿಗೆ ಇಬ್ಬರೂ ಬೇರೆಬೇರೆಯಾಗಿ ಬರೆದೆವು. ಅವರು ಅದನ್ನು ಸೊಗಸಾದ ಕಥೆಯೆಂದು ಮೆಚ್ಚಿ, ವಿಡಿಯೋ ಕರೆಯಲ್ಲಿ ಇಬ್ಬರೂ ಒಟ್ಟಿಗೆ ಮುಖ ತೋರಿಸಿದರೆ ಸಾಕು ಎಂದರು. “ವೈಯಕ್ತಿಕ ಕಾರಣಗಳಿಂದ ಸಾಧ್ಯವಿಲ್ಲ, ಕ್ಷಮಿಸಿ,” ಎಂದು ನಾನು ಬರೆದೆ. ಹತ್ತು ನಿಮಿಷದ ನಂತರ ಹಳೇಬಾವಿಯವರು, ನನ್ನ ಉತ್ತರ ನೋಡದೆಯೇ, ಬರೆದರು: “ವೈಯಕ್ತಿಕ ಕಾರಣಗಳಿಂದ ಸಾಧ್ಯವಿಲ್ಲ, ಕ್ಷಮಿಸಿ.” ಅಲ್ಪವಿರಾಮ ಚಿಹ್ನೆಯ ಸಮೇತ. ನಿರ್ವಾಹಕರು ಒಂದು ವಾರದ ಗಡುವು ಕೊಟ್ಟರು.

ಖಾತೆ ಮುಚ್ಚಿದರೆ ಏನಾಗುತ್ತದೆಂದು ಲೆಕ್ಕ ಹಾಕಿದೆ. ಗೆದ್ದಲು ಉಳಿಯುತ್ತದೆ, ಬಾವಲಿ ಉಳಿಯುತ್ತದೆ. ಸಂಜೆ ಐದಕ್ಕೆ ಬಾಗಿಲು ಹಾಕಿಕೊಂಡು ಕೂತು, “ಇದಕ್ಕೇನು ಆಧಾರ?” ಎಂದು ಯಾರಾದರೂ ಕೇಳಲಿ ಎಂದು ಕಾಯುವುದೊಂದು ಹೋಗುತ್ತದೆ. ಮಿಂಚಂಚೆಯಲ್ಲಿ ಮುಂದುವರಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮಿಂಚಂಚೆಯಲ್ಲಿ ‘ಹೇಗಿದ್ದೀರಿ’ ಎನ್ನಬೇಕಾಗುತ್ತದೆ. ಬಾವಲಿಯ ನೆಪವಿಲ್ಲದೆ ಅಷ್ಟು ದೂರ ಹೋಗುವ ಧೈರ್ಯ ನನಗಿಲ್ಲ.

ಉಪಾಯ ಹೊಳೆದದ್ದು ಅವರಿಗೆ. “ಜಗಳ ಆಡೂಣ್ರಿ,” ಎಂದು ಬರೆದರು. “ಯಾರರೇ ತಮ್ಮ ಜೋಡಿ ತಾವ ಜಗಳ ಆಡ್ತಾರೇನು? ಗೀಜಗದ ಲೇಖನದಾಗ ಹಚ್ಚೂಣು. ಎಲ್ಲಾರೂ ನೋಡ್ಲಿ.” ತನ್ನ ಜೊತೆ ತಾನೇ ಜಗಳವಾಡುವವರು ಇದ್ದಾರೆ, ನಾನು ದಿನವೂ ಆಡುತ್ತೇನೆ ಎಂದು ಹೇಳಬೇಕೆನಿಸಿತು, ಆದರೆ ಅದು ಪ್ರಕರಣಕ್ಕೆ ಹಾನಿಕರ. ಒಪ್ಪಿದೆ.

ಗೀಜಗ ಒಳ್ಳೆಯ ಹಕ್ಕಿ. ಅದರಲ್ಲಿ ಗಂಡು ಅರ್ಧ ಗೂಡು ಹೆಣೆದು ಕರೆಯುತ್ತದೆ. ಹೆಣ್ಣು ಬಂದು ಒಳಗೆಲ್ಲ ಪರೀಕ್ಷಿಸಿ, ಹಿಡಿಸಿದರೆ ಉಳಿಯುತ್ತದೆ, ಇಲ್ಲವಾದರೆ ಹಾರಿಹೋಗುತ್ತದೆ. ನನ್ನನ್ನು ನೋಡಲು ಬಂದ ಎರಡು ಮನೆಗಳವರಿಗೂ ಉಪ್ಪಿಟ್ಟು ಕೊಡುವಾಗ ನನಗೆ ಈ ಹಕ್ಕಿಯ ನೆನಪಾಗಿತ್ತು. ಗೂಡಿನೊಳಗೆ ಅದು ಹಸಿಮಣ್ಣು ಮೆತ್ತುವುದು ನಿಜ. ಆ ಮಣ್ಣಿಗೆ ಮಿಂಚುಹುಳು ಅಂಟಿಸಿ ದೀಪ ಮಾಡಿಕೊಳ್ಳುತ್ತದೆ ಎಂಬುದು ಜನರ ಮಾತು. ಅದನ್ನು ಲೇಖನದಲ್ಲಿ ಸೇರಿಸಬೇಕು ಎಂದು ಅವರು, ಬಾರದು ಎಂದು ನಾನು. ಹಾಗೆಂದು ಮಾತಾಯಿತು.

ಮೊದಲ ದಿನ ನಾನು, “ನಿಮ್ಮ ಅಭಿಪ್ರಾಯವನ್ನು ಗೌರವಿಸುತ್ತಲೇ ನನ್ನ ಸಣ್ಣದೊಂದು ಭಿನ್ನಮತವನ್ನು ಸೂಚಿಸಬಹುದೇ?” ಎಂದು ಗುಡುಗಿದೆ. ಮಿಂಚಂಚೆ ಬಂತು: “ಇದ ಜಗಳೇನ್ರಿ? ನಮ್ಮ ಓಣ್ಯಾಗ ಇದಕ್ಕ ಆರತಿ ಎತ್ತೂದು ಅಂತಾರ. ಜರಾ ಖಾರ ಹಾಕ್ರಿ.” ಖಾರ ನನ್ನಲ್ಲಿ ಇರಲಿಲ್ಲ. ಇದ್ದದ್ದು ಅವ್ವನಲ್ಲಿ. ನಳದ ಮುಂದೆ ಅವಳ ಎದುರು ಕೊಡ ಇಡುವವರು ಓಣಿಯಲ್ಲಿ ಇಲ್ಲ. “ಅವ್ವಾ, ಜಗಳ ಹ್ಯಾಂಗ ಆಡೂದು?” ಎಂದು ಕೇಳಿದೆ. ಅವ್ವ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, ಮಗಳು ಕೊನೆಗೂ ಬದುಕುವ ದಾರಿಗೆ ಬಂದಳೆಂಬ ಸಂತೋಷದಿಂದ ಕಾಲು ಚಾಚಿ ಕೂತಳು. “ನೋಡು, ಜಗಳದಾಗ ವಿಷಯದ ಮ್ಯಾಲ ನಿಂದರಬಾರದು. ನೀರಿಂದ ಸುರು ಆದ್ರ ನೀರಿನ್ಯಾಗ ಇರಬಾರದು. ಮನಿತನಕ ಹೋಗಬೇಕು. ಅವರ ಅಪ್ಪನ ತನಕ ಹೋದ್ರ ಮುಗೀತು, ಬಾಯಿ ಬಂದ್.”

ಎರಡನೆಯ ದಿನ ಹಳೇಬಾವಿಯವರು ಚರ್ಚಾಪುಟದಲ್ಲಿ ಬರೆದರು: “ರಾಮಸಮುದ್ರದ ನಮ್ಮ ಹೊಲದ ಬಾವಿಯ ಮೇಲೆ ಬಾಗಿದ ಈಚಲು ಮರದಲ್ಲಿ ಇಂಥ ಗೂಡನ್ನು ನಮ್ಮ ತಂದೆ ನನಗೆ ತೋರಿಸಿದ್ದಾರೆ. ಮಣ್ಣಿನಲ್ಲಿ ಮಿಂಚುಹುಳು ಇತ್ತು. ನಾನು ಕಣ್ಣಾರೆ ಕಂಡಿದ್ದೇನೆ.” ಅವ್ವನ ಪಾಠ ಬಿಸಿಯಾಗಿಯೇ ಇತ್ತು. ನಾನು ಬರೆದೆ: “ತಮ್ಮ ತಂದೆಯವರು ಈ ಸಂಶೋಧನೆಯನ್ನು ಯಾವ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ? ಪ್ರಕಟಿಸಿಲ್ಲವಾದರೆ ಅವರು ನೋಡಿದ್ದಕ್ಕೂ ನೋಡದೇ ಇದ್ದುದಕ್ಕೂ ವ್ಯತ್ಯಾಸವಿಲ್ಲ.” ಬರೆದು, ಓದಿ, ನನ್ನ ಜೀವನದ ಅತ್ಯಂತ ಚುರುಕಾದ ವಾಕ್ಯವಿದು ಎಂದು ಹಿಗ್ಗಿದೆ. ಬೇರೆ ಊರುಗಳ ಸಂಪಾದಕರು ಇಬ್ಬರು ಬಂದು ನನ್ನ ಪರವಾಗಿ ನಿಂತರು. ಹಳೇಬಾವಿಯವರ ಉತ್ತರ ಬರಲಿಲ್ಲ. ಕರೆಂಟ್ ಇತ್ತು.

ಮರುದಿನ ಮಿಂಚಂಚೆ ಬಂತು. “ಅಪ್ಪಗ ಓದಾಕ ಬರತಿದ್ದಿಲ್ರಿ. ಹೋಗಿ ವರ್ಷ ಆತು. ತಪ್ಪು ನಿಮ್ಮದಲ್ಲ ಬಿಡ್ರಿ. ನಾಟಕದಾಗ ಅಪ್ಪನ್ನ ಕರಕೊಂಡ ಬಂದಾಕಿ ನಾನ.”

ಅವರು ಹೆಣ್ಣೆಂದು ನನಗೆ ತಿಳಿದದ್ದು ಹೀಗೆ. ತಿಳಿಯುವ ಹೊತ್ತಲ್ಲ ಅದು.

ಉದ್ದವಾದ ಕ್ಷಮಾಪಣೆಯ ಪತ್ರ ಬರೆದೆ. ಅವ್ವನ ಪಾಠ, ನನ್ನ ಹಿಗ್ಗು, ಎಲ್ಲವನ್ನೂ ಬರೆದೆ. ಆಮೇಲೆ ಅದನ್ನು ತಿದ್ದಲು ಕೂತೆ, ಅಭ್ಯಾಸಬಲ. ಈ ವಿಶೇಷಣ ಹೆಚ್ಚಾಯಿತು ಎಂದು ತೆಗೆದೆ. ಈ ವಾಕ್ಯ ನನ್ನ ಬಗ್ಗೆಯೇ ಇದೆ ಎಂದು ತೆಗೆದೆ. ಈ ಪ್ಯಾರಾ ಸಮರ್ಥನೆಯಂತಿದೆ ಎಂದು ತೆಗೆದೆ. ಕೊನೆಗೆ “ಕ್ಷಮಿಸಿ” ಎಂಬುದೊಂದೇ ಉಳಿಯಿತು. ಅದಕ್ಕೆ ಪೂರ್ಣವಿರಾಮ ಇಟ್ಟು ಕಳಿಸಿದೆ. ಉತ್ತರ ಬರಲಿಲ್ಲ. ಅಂಥ ಪತ್ರಕ್ಕೆ ನಾನಾದರೂ ಉತ್ತರ ಕೊಡುತ್ತಿರಲಿಲ್ಲ.

ನಿರ್ವಾಹಕರ ತೀರ್ಪು ಮಾತ್ರ ಗಡುವಿಗೆ ಎರಡು ದಿನ ಮೊದಲೇ ಬಂತು. “ಚರ್ಚೆಯನ್ನು ಗಮನಿಸಲಾಗಿ, ಇವರಿಬ್ಬರೂ ಬೇರೆ ಬೇರೆ ವ್ಯಕ್ತಿಗಳೆಂಬುದರಲ್ಲಿ ಯಾವ ಸಂಶಯವೂ ಉಳಿದಿಲ್ಲ. ಪ್ರಕರಣ ಮುಕ್ತಾಯ. ತೊಂದರೆಗಾಗಿ ದಯವಿಟ್ಟು ಕ್ಷಮಿಸಿ.” ನಾನು ಗೆದ್ದಿದ್ದೆ. ನಾನು ಒಬ್ಬಳೇ ಎಂಬುದಕ್ಕೆ ಈಗ ಲಿಖಿತ ಆಧಾರವಿತ್ತು.

ಆಮೇಲೆ ಎರಡು ತಿಂಗಳು ಹಳೇಬಾವಿಯವರ ಸದ್ದಿಲ್ಲ. ನಾನು ಜೇಡದ ಬಲೆಯ ಮೇಲೆ ಬರೆದೆ, ಕಡಜದ ಮೇಲೆ ಬರೆದೆ. ಯಾರೂ ಮೂರನೆಯ ವಾಕ್ಯವನ್ನು ಕೇಳಲಿಲ್ಲ. ಸಂಜೆ ಕರೆಂಟ್ ಹೋದಾಗ ಕಿಟಕಿಗೆ ಹೋಗಿ ನಿಲ್ಲುತ್ತಿದ್ದೆ. ಎಲ್ಲ ಮನೆಗಳೂ ಒಂದೇ ಬಣ್ಣ. “ಏನ ನೋಡಾಕತ್ತಿ ಅಲ್ಲಿ?” ಎಂದು ಅವ್ವ ಕೇಳಿದರೆ, “ಏನಿಲ್ಲ,” ಎನ್ನುತ್ತಿದ್ದೆ. ಸಾಮಾನ್ಯವಾಗಿ ಎಂದು ಸೇರಿಸುವುದನ್ನು ಬಿಟ್ಟಿದ್ದೆ. ಅವ್ವ ಅದನ್ನು ಗಮನಿಸಿದಳೆಂದು ಕಾಣುತ್ತದೆ. ಕೇಳದೆಯೇ ಎರಡನೆಯ ರೊಟ್ಟಿ ಹಾಕುತ್ತಿದ್ದಳು.

ಕೊನೆಗೆ ಒಂದು ದಿನ ಸಂಜೆ ಐದಕ್ಕೆ ಗೀಜಗದ ಲೇಖನ ತೆರೆದೆ. ಗೂಡಿನ ವಿವರಣೆಯ ಕೆಳಗೆ ಹೊಸ ಸಾಲೊಂದನ್ನು ಸೇರಿಸಿದೆ: “ಒಳಗಿನ ಮಣ್ಣಿನಲ್ಲಿ ಮಿಂಚುಹುಳು ಇದ್ದ ಇಂಥ ಒಂದು ಗೂಡನ್ನು ರಾಮಸಮುದ್ರದ ರೈತರೊಬ್ಬರು ತಮ್ಮ ಬಾವಿಯ ಬಳಿ ಕಂಡು, ಮಗಳಿಗೆ ತೋರಿಸಿದ್ದಾರೆ.” ಆಧಾರವಿಲ್ಲ, ಉಲ್ಲೇಖವಿಲ್ಲ, ಪತ್ರಿಕೆಯಿಲ್ಲ. ಯಾರಾದರೂ ಇಂಥದ್ದನ್ನು ಬರೆದಿದ್ದರೆ ನಾನೇ ಅರ್ಧ ನಿಮಿಷದಲ್ಲಿ ಕಿತ್ತುಹಾಕುತ್ತಿದ್ದೆ. ನಿಯಮ ಮುರಿಯುವ ಅಭ್ಯಾಸವಿಲ್ಲದವರಿಗೆ ಕೆಂಪು ದೀಪದಲ್ಲಿ ರಸ್ತೆ ದಾಟುವುದೂ ದರೋಡೆಯೇ. ‘ಉಳಿಸು’ ಗುಂಡಿ ಒತ್ತಿ, ಪರದೆಯ ಮುಂದೆ ಕೂತೆ.

ಐದು ನಿಮಿಷ. ಹದಿನೈದು. ಅವ್ವ ಬಂದು ಚಹಾ ಇಟ್ಟು ಹೋದಳು, ತಣ್ಣಗಾಯಿತೆಂದು ಬೈದು ಎತ್ತಿಕೊಂಡು ಹೋದಳು. ಸರಿಯಾಗಿ ನಲವತ್ತನೆಯ ನಿಮಿಷಕ್ಕೆ ಆ ಸಾಲು ಮಾಯವಾಯಿತು. ತೆಗೆದವರು ಹಳೇಬಾವಿ. ಕಾರಣದ ಜಾಗದಲ್ಲಿ ಬರೆದಿತ್ತು: “ಆಧಾರವಿಲ್ಲ.”

ನನ್ನ ಸ್ವಂತ ಚರ್ಚಾಪುಟದಲ್ಲಿ ಒಂದು ಸಂದೇಶವೂ ಬಂದಿತ್ತು. ತಪ್ಪು ಮಾಡಿದವರಿಗೆ ಕಳಿಸಲೆಂದೇ ವಿಶ್ವಕೋಶದಲ್ಲಿ ಸಿದ್ಧಪಡಿಸಿಟ್ಟ ಎಚ್ಚರಿಕೆ ಅದು. ನಿನ್ನೆ ಮೊನ್ನೆ ಸೇರಿದ ಹುಡುಗರಿಗೆ ಹಾಕುವಂಥದ್ದು. “ವಿಶ್ವಕೋಶಕ್ಕೆ ನಿಮಗೆ ಸ್ವಾಗತ. ನಿಮ್ಮ ಇತ್ತೀಚಿನ ಸಂಪಾದನೆ ರಚನಾತ್ಮಕವಾಗಿ ಕಾಣದ ಕಾರಣ ಅದನ್ನು ತೆಗೆಯಲಾಗಿದೆ. ಅಭ್ಯಾಸ ಮಾಡಬೇಕೆಂದಿದ್ದರೆ ಪ್ರಯೋಗಪುಟವನ್ನು ಬಳಸಿ. ಸಹಾಯ ಬೇಕಾದಲ್ಲಿ ನನ್ನನ್ನು ಕೇಳಲು ಹಿಂಜರಿಯಬೇಡಿ.” ಕೆಳಗೆ ಅವರ ಸಹಿ. ಸಿದ್ಧ ಸಂದೇಶದಲ್ಲಿ ಒಂದಕ್ಷರವನ್ನೂ ಅವರು ಬದಲಿಸಿರಲಿಲ್ಲ.

ಎರಡು ವರ್ಷಕ್ಕೂ ಮೀರಿದ ಸೇವೆಯಲ್ಲಿ ನನಗೆ ಬಂದ ಮೊದಲ ಎಚ್ಚರಿಕೆ. ನಾಲ್ಕು ಸಲ ಓದಿದೆ. ಮೊದಲಾಗಿದ್ದರೆ ಎರಡೇ ನಿಮಿಷದಲ್ಲಿ ತೆಗೆಯುತ್ತಿದ್ದವಳು ನಲವತ್ತು ನಿಮಿಷ ಬಿಟ್ಟಿದ್ದಳು. ಅಷ್ಟು ಹೊತ್ತು ಓದು ಬಾರದ ಆ ರೈತ ವಿಶ್ವಕೋಶದಲ್ಲಿ ನಿಂತು ಮಗಳಿಗೆ ಗೂಡು ತೋರಿಸುತ್ತಿದ್ದರು. ಆಮೇಲೆ ಮಗಳು ನಿಯಮ ಪಾಲಿಸಿದಳು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಅದನ್ನು ಎಲ್ಲಿಯೂ ಬರೆಯುವಂತಿಲ್ಲ, ಪ್ರಕರಣ ಮತ್ತೆ ತೆರೆದೀತು.

ಉತ್ತರವಾಗಿ “ಧನ್ಯವಾದಗಳು” ಎಂದು ಬರೆಯಲು ಹೋಗಿ, ಮೊದಲು ನಿಯಮಗಳ ಪುಟ ತೆರೆದು ನೋಡಿದೆ. ಒಬ್ಬರಿಗೆ ಇಂಥ ಎಚ್ಚರಿಕೆಗಳನ್ನು ಒಟ್ಟು ನಾಲ್ಕು ಕೊಡಬಹುದಂತೆ. ಐದನೆಯ ತಪ್ಪಿಗೆ ಖಾತೆ ಮುಚ್ಚುತ್ತಾರಂತೆ. ಹಾಗಾದರೆ ನನ್ನ ಪಾಲಿಗೆ ಇನ್ನೂ ಮೂರು ಇವೆ. ಹಿಡಿತದಿಂದ ಖರ್ಚು ಮಾಡಿದರೆ ವರ್ಷಕ್ಕೊಂದರಂತೆ ಮೂರು ವರ್ಷ ಸಾಕಾಗಬಹುದು, ಸಾಮಾನ್ಯವಾಗಿ.